ಟ್ರಾವೆಲ್ಸ್ ನಡೆಸುವವರೇ, ಊರಿನ ಗೈಡ್‌ಗೆ ಕೊಡುವ ದುಡ್ಡು ಖರ್ಚಲ್ಲ. ನನ್ನ ಅನುಭವ ಹೇಳುತ್ತೇನೆ, ನಿಮ್ಮದೂ ಬರೆಯಿರಿ

ದಾವಣಗೆರೆ_ಸ್ಟ್ಯಾಂಡ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಚಿಕ್ಕದೊಂದು ಟ್ರಾವೆಲ್ಸ್ ಇಟ್ಟುಕೊಂಡಿದ್ದೇನೆ. ಎರಡು ಟೆಂಪೋ ಟ್ರಾವೆಲರ್, ಒಂದು ಇನ್ನೋವಾ. ದೊಡ್ಡ ಬಸ್ ಬೇಕಾದರೆ ಬೇರೆಯವರಿಂದ ಬಾಡಿಗೆಗೆ ತರುತ್ತೇನೆ. ಹಂಪಿ, ಬಾದಾಮಿ, ಬೇಲೂರು-ಹಳೇಬೀಡು ಟ್ರಿಪ್ಪುಗಳೇ ನನ್ನ ಅನ್ನ.

ಮೊನ್ನೆ ನಮ್ಮ ಲೈನಿನ ಗೆಳೆಯರೊಬ್ಬರು ಸಿಕ್ಕಿದ್ದರು. "ಗೈಡ್‌ಗೆ ಯಾಕೆ ದುಡ್ಡು ಸುರಿಯುತ್ತೀಯ, ಎಲ್ಲರ ಕೈಯಲ್ಲೂ ಯೂಟ್ಯೂಬ್ ಇದೆಯಲ್ಲ" ಎಂದರು. ಅಲ್ಲಿ ನಿಂತು ವಾದ ಮಾಡಲಿಲ್ಲ. ಮನೆಗೆ ಬಂದ ಮೇಲೆ ತಲೆಯಿಂದ ಹೋಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನೂ ಹಾಗೇ ಇದ್ದೆ. ಗಾಡಿ, ರೂಮು, ಊಟ, ಇಷ್ಟೇ ಪ್ಯಾಕೇಜು. ವಿರೂಪಾಕ್ಷ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಇಳಿಸಿ, "ಒಂದು ಗಂಟೆಗೆ ಇಲ್ಲೇ ಬನ್ನಿ" ಎಂದು ಹೇಳಿ ಕಳಿಸುತ್ತಿದ್ದೆ. ಒಂದು ಸಲ ನಿವೃತ್ತ ನೌಕರರ ಗುಂಪು, 16 ಜನ, ಏಪ್ರಿಲ್ ಕೊನೆ. ಹಂಪಿಯ ಬಿಸಿಲು ಗೊತ್ತಿರುವವರಿಗೆ ಮುಂದಿನದು ಹೇಳಬೇಕಿಲ್ಲ. ನಾವು ವಿಠ್ಠಲ ದೇವಸ್ಥಾನದ ಕಡೆ ಹೋಗುವಷ್ಟರಲ್ಲಿ ಹನ್ನೆರಡೂವರೆ. ಬ್ಯಾಟರಿ ಗಾಡಿಗೆ ಉದ್ದ ಸಾಲು. ಒಳಗೆ ಹೋದರೆ ಕೆಳಗೂ ಕಲ್ಲು, ಸುತ್ತಲೂ ಕಲ್ಲು, ಎಲ್ಲ ಕಡೆಯಿಂದ ಝಳ. ಒಬ್ಬ ಹಿರಿಯರಿಗೆ ತಲೆ ಸುತ್ತಿ ಬಂತು. ಅಂಗಳದಲ್ಲಿರುವ ಹಳೇ ದೇವಕಣಗಿಲೆ ಮರದ ಬುಡದಲ್ಲಿ ಕೂರಿಸಿ ನೀರು ಚಿಮುಕಿಸಿದೆವು. ದೇವರ ದಯೆ, ಏನೂ ಆಗಲಿಲ್ಲ. ಆದರೆ ರಾತ್ರಿ ದಾವಣಗೆರೆಯಲ್ಲಿ ಇಳಿಯುವಾಗ ಅವರ ಮನೆಯವರು ಬೈಯಲೂ ಇಲ್ಲ, ಜಗಳವೂ ಮಾಡಲಿಲ್ಲ. "ಪಾಪ, ಕಲ್ಲು ತೋರಿಸಿಕೊಂಡು ಬಂದಿರಿ ಬಿಡಿ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮುಂದಿನ ಗುಂಪಿಗೆ ಹಂಪಿ ಪಕ್ಕದ ಕಮಲಾಪುರದ ಕಡೆಯ ಒಬ್ಬ ಲೈಸೆನ್ಸ್ ಇರುವ ಗೈಡ್‌ರನ್ನು ಮೊದಲೇ ಗೊತ್ತು ಮಾಡಿದೆ. ಫೋನಿನಲ್ಲಿ ಅವರು ಕೇಳಿದ ಮೊದಲ ಮಾತು ರೇಟಲ್ಲ. "ಎಷ್ಟು ಜನಕ್ಕೆ ಮಂಡಿ ನೋವಿದೆ ಸರ್?" ಎಂದರು. ಆಮೇಲೆ ನನ್ನ ಇಡೀ ಪ್ಲಾನು ತಿರುಗಿಸಿ ಹಾಕಿದರು. ಬೆಳಿಗ್ಗೆ ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೇ ವಿಠ್ಠಲ ದೇವಸ್ಥಾನ. ಬಿಸಿಲೇರಿದಾಗ ಕಮಲಾಪುರದ ಮ್ಯೂಸಿಯಂ, ಅಲ್ಲಿ ನೆರಳಿದೆ, ಇಡೀ ಹಂಪಿಯ ಮಾದರಿಯನ್ನು ನಡುಮನೆಯಲ್ಲಿ ಮಾಡಿಟ್ಟಿದ್ದಾರೆ. ಊಟ, ಸ್ವಲ್ಪ ವಿಶ್ರಾಂತಿ. ಸಂಜೆ ವಿರೂಪಾಕ್ಷ, ಆಮೇಲೆ ಹೇಮಕೂಟ ಬೆಟ್ಟದಲ್ಲಿ ಸೂರ್ಯಾಸ್ತ. "ಶುಕ್ರವಾರ ಬೇಡ, ಅವತ್ತು ಮ್ಯೂಸಿಯಂ ರಜೆ" ಎಂದೂ ಹೇಳಿದರು. ವಿಠ್ಠಲದಲ್ಲಿ ತೆಗೆದ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ಜನಾನಾಕ್ಕೂ (ರಾಣಿವಾಸದ ಆವರಣ) ಮ್ಯೂಸಿಯಂಗೂ ನಡೆಯುತ್ತದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಅದಕ್ಕೂ ಮೊದಲು ಎಷ್ಟು ಸಲ ಜನ ಟಿಕೆಟ್ ಬಿಸಾಡಿ ಮತ್ತೆ ದುಡ್ಡು ಕೊಟ್ಟಿದ್ದಾರೋ ಏನೋ.

ವಿರೂಪಾಕ್ಷ ದೇವಸ್ಥಾನದ ಹಿಂದೆ ಒಂದು ಕತ್ತಲೆ ಕೋಣೆ ಇದೆ. ಗೋಡೆಯಲ್ಲಿ ಸಣ್ಣ ಕಿಂಡಿ. ಎದುರಿನ ದೊಡ್ಡ ಗೋಪುರದ ನೆರಳು ಆ ಕಿಂಡಿಯಿಂದ ಬಂದು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಗೈಡ್ ಒಬ್ಬ ಅಜ್ಜನ ಹೆಗಲ ಮೇಲಿದ್ದ ಬಿಳಿ ಟವೆಲ್ ಕೇಳಿ ಇಸಿದುಕೊಂಡು, ಎರಡೂ ತುದಿಯನ್ನು ಅವರ ಹೆಂಡತಿಯ ಕೈಗೆ ಕೊಟ್ಟು, "ಅಮ್ಮಾ, ಹೀಗೆ ಹಿಡಿಯಿರಿ, ಇನ್ನು ಒಂದು ಹೆಜ್ಜೆ ಹಿಂದೆ" ಎಂದರು. ಗೋಪುರ ಟವೆಲ್ ಮೇಲೆ ಬಂತು, ಕಳಶ ಕೆಳಗೆ. ಆ ಅಜ್ಜಿ ಟವೆಲ್ ಬಿಡಲೇ ಇಲ್ಲ. ನಾನು ಅಷ್ಟು ವರ್ಷ ಆ ಕೋಣೆಯ ಮುಂದೆ ನೂರಾರು ಜನರನ್ನು ದಾಟಿಸಿಕೊಂಡು ಹೋಗಿದ್ದೆ.

ಲೆಕ್ಕ ಕೇಳುವವರಿಗೆ: ಗೈಡ್‌ಗೆ ಇಡೀ ದಿನಕ್ಕೆ ನಾನು ಕೊಟ್ಟಿದ್ದು 2,500. 16 ಜನರಿಗೆ ಹಂಚಿದರೆ ತಲೆಗೆ 160 ರೂಪಾಯಿಯೂ ಬೀಳುವುದಿಲ್ಲ. ನಮ್ಮೂರಲ್ಲಿ ಎರಡು ಬೆಣ್ಣೆ ದೋಸೆಯ ದುಡ್ಡು. ಅದೇ ಗುಂಪಿನಿಂದ ಮೂರು ಕುಟುಂಬ ಮುಂದಿನ ತಿಂಗಳೇ ಬಾದಾಮಿಗೆ ಬುಕ್ ಮಾಡಿದರು. ನಾನು ಒಂದು ಪಾಂಪ್ಲೆಟೂ ಹಂಚಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದೀರಾ? ಏನು ಲಾಭ, ಏನು ತೊಂದರೆ, ಬಿಚ್ಚಿ ಹೇಳಿ.

ಮೆಜೆಸ್ಟಿಕ್_ಮುಂಜಾನೆ

ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಬೆಂಗಳೂರಿನಲ್ಲಿ ಕೂತು ಏಜೆನ್ಸಿ ನಡೆಸುವವನಾಗಿ ಎದುರು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮೂರು ಕಡೆ ಗೈಡ್‌ಗಳ ಜೊತೆ ಟೈಅಪ್ ಮಾಡಿದ್ದೆ. ಎರಡು ಕಡೆ ಕೈ ಸುಟ್ಟುಕೊಂಡೆ. ಒಬ್ಬರು ಮೊದಲ ದಿನವೇ ನನ್ನ ಗಿರಾಕಿಗೆ ತಮ್ಮ ಕಾರ್ಡ್ ಕೊಟ್ಟು, "ಮುಂದಿನ ಸಲ ನನಗೇ ನೇರ ಫೋನ್ ಮಾಡಿ, ರೂಮು ಗಾಡಿ ಎಲ್ಲ ನಾನೇ ಮಾಡಿಸುತ್ತೇನೆ" ಎಂದರು. ಗಿರಾಕಿಯೇ ಬಂದು ನನಗೆ ಹೇಳಿದ್ದು. ಇನ್ನೊಬ್ಬರು ಎರಡು ಗಂಟೆ ದೇವಸ್ಥಾನ ತೋರಿಸಿ, ಒಂದೂವರೆ ಗಂಟೆ ಅಂಗಡಿಯಲ್ಲಿ ಕೂರಿಸಿದರು. ಕಮಿಷನ್. ಗೂಗಲ್‌ನಲ್ಲಿ ಒಂದು ಸ್ಟಾರ್ ಬಿದ್ದಿದ್ದು ಗೈಡ್‌ಗಲ್ಲ, ನನ್ನ ಆಫೀಸಿಗೆ.

ಗಿರಾಕಿಯನ್ನು ಹುಡುಕಲು ಜಾಹೀರಾತಿಗೆ ದುಡ್ಡು ಹಾಕುವವನು ನಾನು. ಅವನನ್ನು ಒಯ್ದು ಇನ್ನೊಬ್ಬರ ಕೈಗೆ ಒಪ್ಪಿಸಿ ಬರುವುದು ಹೇಗೆ? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ನಿಜವಾಗಿ ಕಲಿಯುತ್ತೇನೆ.

ತುಂಗಭದ್ರೆ_ದಂಡೆ

ನಾನು ಹಂಪಿಯಲ್ಲಿ ಗೈಡ್ ರೀ. ನಮ್ಮ ತಂದೆಯವರೂ ಇದೇ ಕೆಲಸ ಮಾಡಿದವರು. ಮೇಲಿನ ಸರ್ ಹೇಳಿದ್ದು ಸುಳ್ಳಲ್ಲ, ಅಂಥವರೂ ಇದ್ದಾರೆ. ಆದರೆ ಅವರು ಹಾಗೆ ಯಾಕಾದರು ಅಂತ ನಮ್ಮ ಕಡೆಯಿಂದ ಕೇಳಿರಿ.

ಏಜೆನ್ಸಿಯವರು ಪ್ಯಾಕೇಜಿನಲ್ಲಿ "ಗೈಡ್ ಸೇರಿದೆ" ಎಂದು ಬರೆದಿರುತ್ತಾರೆ. ನಮಗೆ ಫೋನ್ ಬರುವುದು ಬಸ್ಸು ಹೊಸಪೇಟೆ ದಾಟಿದ ಮೇಲೆ. "ಅಣ್ಣಾ, ಎರಡು ತಾಸಿನಲ್ಲಿ ಹಂಪಿ ಮುಗಿಸಿಕೊಡಿ, 500 ಕೊಡುತ್ತೇವೆ." ಇಪ್ಪತ್ತು ಜನ ಎಂದವರು ನಲವತ್ತೈದು ಜನರನ್ನು ಇಳಿಸುತ್ತಾರೆ. ದುಡ್ಡು ಕೇಳಿದರೆ, "ಆಫೀಸಿನಿಂದ ಹಾಕುತ್ತಾರೆ" ಎನ್ನುತ್ತಾರೆ. ಎರಡು ತಿಂಗಳು ಕಾದದ್ದೂ ಉಂಟು. ಹಂಗಿದ್ದಾಗ ಮನೆಗೆ ರೇಷನ್ ಎಲ್ಲಿಂದ ತರಬೇಕು? ಅಂಗಡಿಯವನು ಕೈಗೇ ಕೊಡುತ್ತಾನೆ. ಅದಕ್ಕೇ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಸರಿ ಅಂತ ಹೇಳುತ್ತಿಲ್ಲ. ಕಾರಣ ಇದು.

ನಮ್ಮ ಕೆಲಸ ವರ್ಷ ಪೂರ್ತಿ ಇರುವುದಲ್ಲ. ದಸರಾ ರಜೆಯಿಂದ ಶುರುವಾದರೆ ಫೆಬ್ರವರಿವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಡೀ ದಿನ ಗೋಪುರದ ಮುಂದೆ ಕೂತು ಒಬ್ಬ ಗಿರಾಕಿಯೂ ಸಿಗದೆ ಎದ್ದು ಹೋಗುತ್ತೇವೆ. ಯಾವ ಏಜೆನ್ಸಿಯವರು ಆ ತಿಂಗಳುಗಳಲ್ಲೂ ನಾಲ್ಕು ಗುಂಪು ಕಳಿಸುತ್ತಾರೋ, ಅವರ ಗಿರಾಕಿಗೆ ನಾವು ಕಾರ್ಡ್ ಕೊಡುವುದಿಲ್ಲ. ಕೊಟ್ಟರೆ ನಮ್ಮ ಅನ್ನಕ್ಕೆ ನಾವೇ ಮಣ್ಣು ಹಾಕಿಕೊಂಡಂತೆ.

ಇನ್ನೊಂದು ಮಾತು. ಗೈಡ್ ಎಂದರೆ ಕತೆ ಹೇಳುವವನು ಎಂದು ಎಲ್ಲರೂ ತಿಳಿದಿದ್ದಾರೆ. ವಿಠ್ಠಲ ದೇವಸ್ಥಾನದ ಸಂಗೀತ ಕಂಬದ ಒಳಗೆ ಏನಿದೆ ನೋಡಲು ಬ್ರಿಟಿಷರು ಎರಡು ಕಂಬ ಕೊಯ್ದರು ಅಂತ ಕತೆ ಇದೆ. ನಾನು ಅದನ್ನು "ಹಾಗೆಂದು ಜನ ಹೇಳುತ್ತಾರೆ" ಎಂದೇ ಹೇಳುತ್ತೇನೆ. ಕಣ್ಣಿಗೆ ಕಾಣುವುದನ್ನು ಬೇರೆ ಹೇಳುತ್ತೇನೆ. ಕಲ್ಲಿನ ರಥದ ಮುಂದೆ ಈಗ ಆನೆಗಳಿವೆ ಅಲ್ಲವೇ? ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲದ ತುಂಡು ಉಳಿದಿದೆ. ಮೊದಲು ಅಲ್ಲಿ ಕುದುರೆಗಳಿದ್ದವು, ಆನೆಗಳನ್ನು ಆಮೇಲೆ ತಂದು ಇಟ್ಟದ್ದು. ರಥದ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು, 1856ರಲ್ಲಿ ಗ್ರೀನ್‌ಲಾ ಎಂಬವರು ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ. ಆ ಫೋಟೋದ ಪ್ರತಿ ನನ್ನ ಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಯಾವಾಗಲೂ ಇರುತ್ತದೆ. ಮಕ್ಕಳಿದ್ದರೆ 50 ರೂಪಾಯಿ ನೋಟು ಕೊಟ್ಟು, "ಇದರಲ್ಲಿರುವ ರಥ, ಎದುರಿಗಿರುವ ರಥ, ಈ ಫೋಟೋದ ರಥ, ಮೂರರಲ್ಲಿ ಏನು ಬೇರೆ ಹುಡುಕಿ" ಎನ್ನುತ್ತೇನೆ. ಅರ್ಧ ತಾಸು ಆ ಮಕ್ಕಳು ಮೊಬೈಲ್ ಮುಟ್ಟುವುದಿಲ್ಲ ರೀ.

ದಾವಣಗೆರೆ_ಸ್ಟ್ಯಾಂಡ್

ಮೆಜೆಸ್ಟಿಕ್ ಸರ್, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಮೇಲಿನ ಅಣ್ಣನೇ ಕೊಟ್ಟರು. ನಾನು ಮಾಡಿದ್ದು ಇಷ್ಟು.

ಹಿಂದಿನ ದಿನವೇ ಅರ್ಧ ದುಡ್ಡು ಯುಪಿಐ ಮಾಡುತ್ತೇನೆ, ಉಳಿದದ್ದು ಅವತ್ತು ಸಂಜೆ ಗಾಡಿ ಹೊರಡುವ ಮುಂಚೆ. ಆಫೀಸು, ಅಕೌಂಟೆಂಟು ಎಂದು ಕಾಯಿಸುವುದಿಲ್ಲ. ಅಂಗಡಿಗೆ ಹೋಗುವುದಿಲ್ಲ ಎಂದು ಮೊದಲೇ ಮಾತಾಡಿಕೊಂಡಿದ್ದೇವೆ. ಗಿರಾಕಿಗಳೇ ಏನಾದರೂ ಕೊಳ್ಳಬೇಕೆಂದರೆ ಹೋಗಬಹುದು, ಆದರೆ ಕಮಿಷನ್ ಇಲ್ಲ. ಅದರ ಬದಲಿಗೆ ಅವರ ಫೀಸು ಮಾರ್ಕೆಟ್‌ಗಿಂತ ಜಾಸ್ತಿ ಕೊಡುತ್ತೇನೆ. ಇದೆಲ್ಲ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ವಕೀಲರ ಭಾಷೆ ಇಲ್ಲ.

ಕಾರ್ಡ್ ವಿಷಯ. ನಾನೇ ಗಿರಾಕಿಗಳಿಗೆ ಅವರ ನಂಬರ್ ಕೊಡುತ್ತೇನೆ! ಹೊರಡುವ ಹಿಂದಿನ ದಿನ ವಾಟ್ಸಾಪ್ ಗ್ರೂಪಿನಲ್ಲಿ ಅವರ ಫೋಟೋ ಹಾಕಿ ಪರಿಚಯ ಮಾಡಿಸುತ್ತೇನೆ. ಮುಚ್ಚಿಟ್ಟರೆ ಜನಕ್ಕೆ ಅನುಮಾನ. ಆಮೇಲೆ ಯಾರಾದರೂ ನೇರವಾಗಿ ಅವರಿಗೇ ಫೋನ್ ಮಾಡಿದರೆ ಅವರು ನನಗೆ ತಿಳಿಸುತ್ತಾರೆ, ಗಾಡಿ ನನ್ನದು ಹೋಗುತ್ತದೆ. ಉಲ್ಟಾ ಕೂಡ ಆಗಿದೆ. ಬೆಂಗಳೂರಿನಿಂದ ರೈಲಿನಲ್ಲಿ ಹೊಸಪೇಟೆಗೆ ಬಂದ ಕುಟುಂಬವೊಂದು ಅವರ ಹತ್ತಿರ ಬಾದಾಮಿಗೆ ಗಾಡಿ ಕೇಳಿತ್ತು, ಅವರು ನನ್ನ ನಂಬರ್ ಕೊಟ್ಟರು. ಅಂದರೆ ನನಗೆ ಹಂಪಿಯಲ್ಲಿ ಬಾಡಿಗೆ ಇಲ್ಲದ ಒಂದು ಬ್ರಾಂಚ್ ಆಫೀಸು ಸಿಕ್ಕಂತಾಯಿತು, ಅಲ್ವಾ?

ಮಳೆಗಾಲದ್ದೊಂದು ಹೇಳಲೇಬೇಕು. ನನ್ನ ಪ್ಯಾಕೇಜಿನಲ್ಲಿ ಹರಿಗೋಲು ಸವಾರಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಹೊರಡುವ ಹಿಂದಿನ ಸಂಜೆ ಗೈಡ್ ಫೋನ್: "ಸರ್, ಡ್ಯಾಮಿನಿಂದ ನದಿಗೆ ನೀರು ಬಿಟ್ಟಿದ್ದಾರೆ, ಪುರಂದರ ಮಂಟಪಕ್ಕೆ ನೀರು ಬಂದಿದೆ, ಹರಿಗೋಲು ನಿಂತಿದೆ." ಅವತ್ತೇ ರಾತ್ರಿ ಎಲ್ಲರಿಗೂ ತಿಳಿಸಿದೆ. ಹರಿಗೋಲಿನ ಬದಲು ಬುಕ್ಕಸಾಗರದ ಸೇತುವೆ ಮೇಲಿಂದ ಆನೆಗೊಂದಿಗೆ ಹೋದೆವು, ಬಾಳೆ ನಾರಿನಲ್ಲಿ ಚೀಲ, ಚಾಪೆ ಮಾಡುವ ಹೆಂಗಸರ ಕೆಲಸ ನೋಡಿದೆವು. ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಗೈಡ್ ಇಲ್ಲದಿದ್ದರೆ ನದಿ ದಂಡೆಗೆ ಹೋಗಿ ನಿಂತ ಮೇಲೆ ಗೊತ್ತಾಗುತ್ತಿತ್ತು, ಅಲ್ಲೇ ಜಗಳ ಶುರುವಾಗುತ್ತಿತ್ತು.

ಸ್ಟೇರಿಂಗ್_ಹಿಡಿದವನು

ನಾನು ಡ್ರೈವರ್. ಹದಿನಾಲ್ಕು ವರ್ಷದಿಂದ ಟೂರಿಸ್ಟ್ ಗಾಡಿ ಓಡಿಸುತ್ತಿದ್ದೇನೆ. ಈ ಚರ್ಚೆಯಲ್ಲಿ ಡ್ರೈವರ್ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲೆಲ್ಲ ಗೈಡ್ ಗಾಡಿ ಹತ್ತಿದರೆ ನಮಗೆ ಆಗುತ್ತಿರಲಿಲ್ಲ. ಊಟದ ಹೋಟೆಲ್, ಅಂಗಡಿ, ಎಲ್ಲ ಕಡೆ ಡ್ರೈವರ್‌ಗೆ ಅಷ್ಟೋ ಇಷ್ಟೋ ಸಿಗುತ್ತಿತ್ತು. ಗೈಡ್ ಬಂದರೆ ಅದು ಅವರಿಗೆ. ಇಬ್ಬರಿಗೂ ಒಳಗೊಳಗೇ ಜಗಳ. ಅದು ಗಿರಾಕಿಗಳಿಗೆ ಕಾಣುತ್ತದೆ ಸ್ವಾಮಿ, ಮುಖ ನೋಡಿದರೆ ತಿಳಿಯುತ್ತದೆ. ಗೈಡ್ ಜೊತೆ ಟೈಅಪ್ ಮಾಡುವ ಓನರ್‌ಗಳು ಡ್ರೈವರ್ ಬಾಟಾವನ್ನೂ (ದಿನದ ಭತ್ಯೆ) ನೋಡಬೇಕು. ನಮ್ಮ ಓನರ್ ಬಾಟಾ ಜಾಸ್ತಿ ಮಾಡಿದರು, ರಾತ್ರಿ ಮಲಗಲು ರೂಮು ಕೊಡಿಸುತ್ತಾರೆ. ಆಮೇಲೆ ನನಗೆ ಯಾವ ಅಂಗಡಿಯ ಗೊಡವೆಯೂ ಬೇಡವಾಯಿತು.

ಊರಿನ ಗೈಡ್ ಪಕ್ಕದಲ್ಲಿ ಕೂತರೆ ನನಗೆ ಎಷ್ಟು ಹಗುರ ಅಂದರೆ, ಎಲ್ಲಿ ರಸ್ತೆ ಅಗೆದಿದ್ದಾರೆ, ಇವತ್ತು ಯಾವ ಊರಿನ ಜಾತ್ರೆ, ಯಾವ ಗೇಟಿಗೆ ದೊಡ್ಡ ಗಾಡಿ ಬಿಡುವುದಿಲ್ಲ, ಎಲ್ಲಾ ಗೊತ್ತು. ಮ್ಯಾಪ್ ನಂಬಿ ಒಂದು ಸಲ ಐಹೊಳೆಯ ಓಣಿಯೊಳಗೆ ಟೆಂಪೋ ಟ್ರಾವೆಲರ್ ನುಗ್ಗಿಸಿದ್ದೆ. ಎರಡೂ ಕಡೆ ಮನೆ ಗೋಡೆ, ಮುಂದೆ ಎತ್ತಿನ ಗಾಡಿ. ರಿವರ್ಸ್ ಬರಲು ಮುಕ್ಕಾಲು ಗಂಟೆ ಹಿಡಿಯಿತು, ಸೈಡ್ ಮಿರರ್ ಹೋಯಿತು. ಆ ಮಿರರ್‌ನ ದುಡ್ಡಿನಲ್ಲಿ ಗೈಡ್ ಬರುತ್ತಿದ್ದರು.

ಟೀಚರಮ್ಮ_ತುಮಕೂರು

ಶಾಲೆ ಪ್ರವಾಸದ ಬಗ್ಗೆ ಹೇಳುತ್ತೇನೆ. ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಒಂದು ವರ್ಷ ಏಜೆನ್ಸಿಯವರು 90 ಮಕ್ಕಳಿಗೆ ಒಬ್ಬರೇ ಗೈಡ್ ಕೊಟ್ಟಿದ್ದರು. ಪಾಪ, ಅವರು ಗಂಟಲು ಹರಿದುಕೊಂಡರು. ಮುಂದಿನ ಹದಿನೈದು ಮಕ್ಕಳಿಗೆ ಕೇಳಿಸಿತು. ಹಿಂದಿನವರು ಕಡಲೆಕಾಯಿ ತಿಂದರು. ಗೈಡ್ ಇಟ್ಟೂ ಇಲ್ಲದ ಹಾಗೆ.

ಮರುವರ್ಷ ಬೇರೆ ಏಜೆನ್ಸಿ. ಅವರು ಬೇಲೂರಿನಲ್ಲೇ ಮೂವರು ಗೈಡ್‌ಗಳನ್ನು ಮೊದಲೇ ಹೇಳಿಟ್ಟಿದ್ದರು, ಮೂವತ್ತು ಮಕ್ಕಳಿಗೆ ಒಬ್ಬರು. ಮೂರೂ ಗುಂಪು ಒಂದೇ ಕಡೆ ಸೇರದ ಹಾಗೆ ಒಂದು ಗುಂಪು ಅಂಗಳದ ಕಂಬದ ಹತ್ತಿರ, ಒಂದು ಒಳಗೆ, ಒಂದು ಹೊರಗೋಡೆಯಲ್ಲಿ. ಅಂಗಳದ ದೀಪಸ್ತಂಭಕ್ಕೆ ಅಡಿಪಾಯವೇ ಇಲ್ಲ, ತನ್ನ ಭಾರದ ಮೇಲೇ ನಿಂತಿದೆ ಎಂದು ಹೇಳಿ, ಒಂದು ಹುಡುಗಿಯ ನೋಟ್‌ಬುಕ್ಕಿನಿಂದ ಹಾಳೆ ಹರಿಸಿ, ಅವಳ ಕೈಯಿಂದಲೇ ಕಂಬದ ಬುಡದ ಸಂದಿನಲ್ಲಿ ಆ ಕಡೆಯಿಂದ ಈ ಕಡೆಗೆ ಸರಿಸಿದರು. ಮದನಿಕೆಯೊಬ್ಬಳ ಮೇಲಿನ ಬಳ್ಳಿಯಲ್ಲಿ ಹಣ್ಣು, ಹಣ್ಣಿನ ಮೇಲೆ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಇದನ್ನು ತೋರಿಸುವ ಮೊದಲು ಗೈಡ್ ಸುಮ್ನೆ ನಿಂತು, "ಇಲ್ಲೊಂದು ಹಲ್ಲಿ ಇದೆ, ಯಾರು ಮೊದಲು ಹುಡುಕುತ್ತೀರಿ" ಎಂದರು ಅಷ್ಟೆ. ಬಳಪದ ಕಲ್ಲು ಯಾಕೆ ಅಷ್ಟು ಸಣ್ಣ ಕೆತ್ತನೆಗೆ ಒಗ್ಗುತ್ತದೆ, ಗಾಳಿಗೆ ಬಿಟ್ಟ ಮೇಲೆ ಹೇಗೆ ಗಟ್ಟಿಯಾಗುತ್ತದೆ, ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅವತ್ತು ಹಲ್ಲಿ ನೋಡಿದ ಮೇಲೆ ಮಕ್ಕಳೇ ಕೇಳಿದರು, "ಇಷ್ಟು ಚಿಕ್ಕದು ಕಲ್ಲಿನಲ್ಲಿ ಹೇಗೆ ಬಂತು ಮಿಸ್" ಎಂದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿಯಾಗಿದ್ದಾರೆ. ಅಲ್ಲಿಗೆ ಹೋಗಿ ಗೈಡ್ ಹುಡುಕಿದರೆ ರಜಾ ದಿನ ಸಿಗುವುದಿಲ್ಲ. ಮೊದಲೇ ಹೇಳಿಡುವ ಏಜೆನ್ಸಿಯನ್ನೇ ನಾವು ಈಗ ಹುಡುಕುತ್ತೇವೆ. ನಮ್ಮ ಶಾಲೆ ಆಮೇಲೆ ಆ ಏಜೆನ್ಸಿ ಬಿಟ್ಟಿಲ್ಲ. ಪಕ್ಕದ ಎರಡು ಶಾಲೆಗೂ ನಾವೇ ಹೇಳಿದೆವು.

ಗುಳೇದಗುಡ್ಡ_ಖಣ

ನಾನು ಬಾದಾಮಿ ಕಡೆ ಗೈಡ್ ಕೆಲಸ ಮಾಡುತ್ತೇನೆ. ಹೆಣ್ಣುಮಗಳು. ನಮ್ಮ ಕಡೆ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಕಡಿಮೆ, ಶುರುವಿನಲ್ಲಿ ಮನೆಯಲ್ಲೂ ಓಣಿಯಲ್ಲೂ ಮಾತು ಕೇಳಿದ್ದೇನೆ.

ಏಜೆನ್ಸಿಯವರಿಗೆ ಒಂದು ಮಾತು. ಹೆಂಗಸರ ಗುಂಪು ಬಂದಾಗ ನನ್ನನ್ನು ಕೇಳುವ ಮೊದಲ ಪ್ರಶ್ನೆ ಚಾಲುಕ್ಯರದ್ದಲ್ಲ. "ಅಕ್ಕಾ, ಟಾಯ್ಲೆಟ್ ಎಲ್ಲಿದೆ?" ಗಂಡಸು ಗೈಡ್ ಹತ್ತಿರ ಇದನ್ನು ಕೇಳಲು ಎಷ್ಟೋ ಜನ ನಾಚಿಕೊಂಡು ಇಡೀ ಮಧ್ಯಾಹ್ನ ನೀರು ಕುಡಿಯುವುದೇ ಇಲ್ಲ. ಯಾವುದು ಸ್ವಚ್ಛ ಇದೆ, ಎಲ್ಲಿ ನೀರು ಬರುತ್ತದೆ, ಐಹೊಳೆಯಿಂದ ಪಟ್ಟದಕಲ್ಲಿಗೆ ಹೊರಡುವ ಮೊದಲು ಎಲ್ಲಿ ಮುಗಿಸಿಕೊಳ್ಳಬೇಕು, ಇದನ್ನು ನಾನು ಗಾಡಿ ಹತ್ತಿದ ಕೂಡಲೇ ಹೇಳಿಬಿಡುತ್ತೇನೆ. ಮುಖಗಳು ಅಲ್ಲೇ ಅರಳುತ್ತವೆ ನೋಡಿ. ಒಬ್ಬೊಬ್ಬರೇ ಬರುವ ಹೆಣ್ಣುಮಕ್ಕಳೂ ಈಗ ಜಾಸ್ತಿ. "ಲೇಡಿ ಗೈಡ್ ಇದ್ದಾರೆ" ಎಂದು ಒಂದು ಏಜೆನ್ಸಿಯವರು ಹಾಕಲು ಶುರು ಮಾಡಿದ ಮೇಲೆ ನನಗೆ ಅವರಿಂದಲೇ ತಿಂಗಳಿಗೆ ಆರೇಳು ದಿನ ಕೆಲಸ.

ಆಮೇಲೆ, ಎಲ್ಲ ಪ್ಯಾಕೇಜೂ ಬಾದಾಮಿ ಎಂದರೆ ನಾಲ್ಕು ಗುಹೆ, ಹದಿನೆಂಟು ಕೈಯ ನಟರಾಜ, ಕೋತಿ, ಮುಗಿಯಿತು. ಕೆರೆಯ ಆಚೆ ದಂಡೆಯ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು 1,300 ವರ್ಷ ಹಿಂದಿನದು, ಕನ್ನಡದ ತ್ರಿಪದಿ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ನಾನು ಬೆರಳಿಟ್ಟು ಓದಿದರೆ, ಕನ್ನಡದವರು ಕಣ್ಣರಳಿಸುತ್ತಾರೆ. ಶಾಲೆಯಲ್ಲಿ ಓದಿದ್ದು ಎಷ್ಟೋ ಜನಕ್ಕೆ ನೆನಪಿರುತ್ತದೆ, ಅದು ಇಲ್ಲೇ ಇದೆ ಎಂದು ಗೊತ್ತಿರುವುದಿಲ್ಲ. ಒಬ್ಬ ರಿಟೈರ್ಡ್ ಕನ್ನಡ ಮೇಷ್ಟ್ರು ಬಂಡೆ ಮುಂದೆ ನಿಂತು ಉಳಿದ ಸಾಲು ತಾವೇ ಹೇಳಿದರು, ಕಣ್ಣಲ್ಲಿ ನೀರು. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಆಮೇಲೆ ಗುಳೇದಗುಡ್ಡದಲ್ಲಿ ಖಣ ನೇಯುವವರ ಮನೆ. ಅಲ್ಲಿ ಮಗ್ಗದ ಮುಂದೆ ಕೂತು ನೋಡುತ್ತಾರೆ, ಬೇಕಾದವರು ಕೊಳ್ಳುತ್ತಾರೆ, ದುಡ್ಡು ನೇಯ್ದವರ ಕೈಗೇ ಹೋಗುತ್ತದೆ. ಇದು ಬೆಂಗಳೂರಿನಲ್ಲಿ ಕೂತು ಬರೆಯುವ ಪ್ಯಾಕೇಜಿನಲ್ಲಿ ಬರುವುದಿಲ್ಲ. ಊರಿನವರನ್ನು ಕೇಳಿದರೆ ಬರುತ್ತದೆ.

ಘಟ್ಟದ_ಮಳೆ

ಚಾರಣದಲ್ಲಂತೂ ಇದು ಜೀವದ ಪ್ರಶ್ನೆ. ಕೆಲವು ವರ್ಷದ ಹಿಂದೆ ನಾನು ವೀಕೆಂಡ್ ಟ್ರೆಕ್ ಮಾಡಿಸುವವರ ಜೊತೆ ಹೋಗಿದ್ದೆ, ಹೆಸರು ಬೇಡ. ಲೀಡ್ ಎಂದು ಬಂದ ಹುಡುಗ ಬೆಂಗಳೂರಿನವನೇ, ಆ ಬೆಟ್ಟಕ್ಕೆ ಅದು ಅವನ ಎರಡನೇ ಸಲ. ಜುಲೈ. ಮಂಜು ಮುಚ್ಚಿತು, ದಾರಿ ಎರಡಾಯಿತು, ನೆಟ್‌ವರ್ಕ್ ಇಲ್ಲ. ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದ ಹಳ್ಳ ಸಂಜೆ ಎದೆಮಟ್ಟ ಹರಿಯುತ್ತಿತ್ತು. ಕೊನೆಗೆ ದನ ಹುಡುಕಲು ಬಂದ ಒಬ್ಬರು ನಮ್ಮನ್ನು ಬೇರೆ ದಾರಿಯಲ್ಲಿ ಕೆಳಗೆ ಇಳಿಸಿದರು. ಹೆಗಲ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಕತ್ತಿ. ನೀರಿನ ಸದ್ದು ಕೇಳಿಯೇ "ಇಲ್ಲಿ ದಾಟಬೇಡಿ" ಎಂದಿದ್ದರು. ಗೈಡ್ ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ವಿಡಿಯೋ ಎಲ್ಲರೂ ನೋಡಿರುತ್ತೀರಿ. ಆಮೇಲೆ ಚಾರಣ ನಿಲ್ಲಿಸಿ, ಅರಣ್ಯ ವಿಹಾರ ಎಂಬ ವೆಬ್‌ಸೈಟಿನಲ್ಲಿ ಬುಕ್ ಮಾಡಿದವರಿಗೆ ಮಾತ್ರ ಬಿಡಲು ಶುರು ಮಾಡಿದರು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿದರು. ಕೆಲವು ಏಜೆನ್ಸಿಯವರು ಇದನ್ನು ಅಡ್ಡಿ ಎಂದುಕೊಂಡರು. ನನಗೆ ಹಾಗೆ ಅನ್ನಿಸುವುದಿಲ್ಲ. ಜನ ಕಡಿಮೆಯಾದಾಗ ಒಬ್ಬೊಬ್ಬರಿಗೂ ಒಳ್ಳೆಯ ಅನುಭವ ಕೊಡಬೇಕು, ಅದು ಕಾಡಂಚಿನ ಊರಿನ ಹುಡುಗರಿಂದಲೇ ಆಗುವುದು. ಜಿಗಣೆಗೆ ಸುಣ್ಣ-ತಂಬಾಕು ಹಚ್ಚಿಕೊಡುವುದರಿಂದ ಹಿಡಿದು ಯಾವ ಮನೆಯಲ್ಲಿ ಬಿಸಿ ಗಂಜಿ ಸಿಗುತ್ತದೆ ಎನ್ನುವವರೆಗೆ ಅವರಿಗೇ ಗೊತ್ತು.

ಲೆಕ್ಕದ_ಪುಸ್ತಕ

ಚಿಕ್ಕ ಪ್ರಶ್ನೆ, ಚಿಕ್ಕ ಮಾಹಿತಿ. ಪ್ಯಾಕೇಜಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಇಲ್ಲದೆ ಶೇ 5 ಜಿಎಸ್‌ಟಿ ಹಾಕುವವರೇ ನಮ್ಮಲ್ಲಿ ಜಾಸ್ತಿ. ಗೈಡ್‌ಗಳ ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಅವರು ನೋಂದಣಿ ಮಾಡಿಸಬೇಕಿಲ್ಲ, ಅವರ ಬಿಲ್ಲಿನಲ್ಲಿ ಜಿಎಸ್‌ಟಿ ಇರುವುದಿಲ್ಲ. ಹಾಗಾಗಿ "ಬಿಲ್ ಇಲ್ಲ, ಅದಕ್ಕೆ ಕೊಡಲಾಗುವುದಿಲ್ಲ" ಎಂಬುದು ನೆಪ ಅಷ್ಟೆ. ಯುಪಿಐ ಮಾಡಿ, ದಿನಾಂಕ, ಗುಂಪಿನ ಹೆಸರು, ಮೊತ್ತ ಬರೆದ ವೋಚರಿಗೆ ಸಹಿ ತೆಗೆದುಕೊಳ್ಳಿ. ಖರ್ಚು ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ ಸರ್, ನೀವು ಗೈಡ್ ಫೀಸನ್ನು ಪ್ಯಾಕೇಜಿನೊಳಗೆ ಸೇರಿಸುತ್ತೀರಾ, ಬೇರೆ ತೋರಿಸುತ್ತೀರಾ?

ದಾವಣಗೆರೆ_ಸ್ಟ್ಯಾಂಡ್

ಒಳಗೇ ಸೇರಿಸುತ್ತೇನೆ ಸರ್, ಆದರೆ ಏನೇನು ಸೇರಿದೆ ಎಂದು ಬರೆಯುವಾಗ ಗೈಡ್ ಎಷ್ಟು ಹೊತ್ತು ಜೊತೆಗಿರುತ್ತಾರೆ ಎಂದು ಗಂಟೆ ಸಮೇತ ಹಾಕುತ್ತೇನೆ. ಬೇರೆ ತೋರಿಸಿದರೆ ಜನ "ಅದೊಂದು ಬೇಡ, ಕಡಿಮೆ ಮಾಡಿ" ಎನ್ನುತ್ತಾರೆ. ಮೊದಲೆರಡು ಸಲ ಹಾಗೆ ಆಗಿತ್ತು, ಬೇಡ ಎಂದವರೇ ಅಲ್ಲಿ ಹೋದ ಮೇಲೆ ಪಕ್ಕದ ಗುಂಪಿನ ಗೈಡ್ ಹೇಳುವುದನ್ನು ಕಿವಿಗೊಟ್ಟು ಕೇಳುತ್ತಾ ನಿಂತಿದ್ದರು.

ಟೀಚರಮ್ಮನವರೇ, ಮೂವತ್ತು ಮಕ್ಕಳಿಗೆ ಒಬ್ಬರು ಎನ್ನುವುದನ್ನು ಈ ಸೀಸನ್‌ನಿಂದ ನಾನೂ ಮಾಡುತ್ತೇನೆ. ಸ್ಟೇರಿಂಗ್ ಅಣ್ಣಾ, ಬಾಟಾ ವಿಷಯದಲ್ಲಿ ನಾನು ತಪ್ಪಿದ್ದೇನೆ. ನಮ್ಮ ಹುಡುಗರು ಗಾಡಿಯಲ್ಲೇ ಮಲಗುತ್ತಿದ್ದಾರೆ. ಅದನ್ನು ಸರಿ ಮಾಡುತ್ತೇನೆ.

ಮೆಜೆಸ್ಟಿಕ್_ಮುಂಜಾನೆ

ಎಲ್ಲ ಓದಿದೆ. ತುಂಗಭದ್ರೆ ಅಣ್ಣಾ, ನಿಮ್ಮ ಮಾತು ನನಗೆ ನಾಟಿತು. ನಾನೂ ಕೊನೇ ಗಳಿಗೆಯಲ್ಲಿ ಫೋನ್ ಮಾಡಿಸಿದವನೇ. ಕಾರ್ಡ್ ಕೊಟ್ಟರು ಎಂದು ಸಿಟ್ಟು ಬಂದಿತ್ತು, ಅವರಿಗೆ ಆ ವರ್ಷ ನಾನು ಕೊಟ್ಟಿದ್ದು ಎರಡೇ ಗುಂಪು ಎಂದು ಈಗ ಲೆಕ್ಕ ಹಾಕಿದೆ. ಎರಡು ಗುಂಪಿಗೆ ಯಾರು ನಿಯತ್ತಾಗಿರುತ್ತಾರೆ?

ಮೇ ಎರಡನೇ ವಾರ ನನ್ನದೊಂದು ಗುಂಪಿದೆ. 22 ಜನ, ಅರ್ಧ ತಮಿಳು ಮಾತಾಡುವವರು, ನಾಲ್ವರು ಎಪ್ಪತ್ತು ದಾಟಿದವರು, ಇಬ್ಬರಿಗೆ ಮಂಡಿ ಆಪರೇಷನ್ ಆಗಿದೆ. ಹಂಪಿ ಒಂದೂವರೆ ದಿನ. ಬಿಸಿಲಿಗೆ ಭಯವಾಗಿ ಕ್ಯಾನ್ಸಲ್ ಮಾಡಿಸೋಣ ಎಂದಿದ್ದೆ.

ತುಂಗಭದ್ರೆ_ದಂಡೆ

ಕ್ಯಾನ್ಸಲ್ ಮಾಡಬ್ಯಾಡ್ರಿ ಸರ್. ತಮಿಳು ನನಗೆ ಬರುತ್ತದೆ. ಮಂಡಿ ಆಪರೇಷನ್ ಆದವರಿಗೆ ಮಾತಂಗ ಬೆಟ್ಟ, ಅಂಜನಾದ್ರಿ ಎರಡೂ ಬೇಡ, ಅಂಜನಾದ್ರಿಗೆ 575 ಮೆಟ್ಟಿಲು. ಹೇಮಕೂಟಕ್ಕೆ ನಿಧಾನವಾಗಿ ಹತ್ತಿಸುತ್ತೇನೆ, ಅಲ್ಲಿ ಕೂರಲು ಮಂಟಪದ ನೆರಳಿದೆ. ಮೊದಲ ದಿನ ಮಧ್ಯಾಹ್ನ ಬಂದರೆ ರೂಮಿಗೇ ಹೋಗಿ ಮಲಗಲಿ, ನಾಲ್ಕೂವರೆಗೆ ಹೊರಡೋಣ. ಎರಡನೇ ದಿನ ಬೆಳಿಗ್ಗೆ ಬೇಗ ವಿಠ್ಠಲ, ಹನ್ನೊಂದರೊಳಗೆ ಎಲ್ಲರೂ ನೆರಳಲ್ಲಿ ಇರುತ್ತಾರೆ. ನಾನು ಮಜ್ಜಿಗೆ ಹೇಳಿಟ್ಟಿರುತ್ತೇನೆ. ರೂಮು ಇನ್ನೂ ಬುಕ್ ಮಾಡಿಲ್ಲದಿದ್ದರೆ ಲಿಫ್ಟ್ ಇರುವುದೇ ನೋಡಿ. ಶುಕ್ರವಾರ ಬರದ ಹಾಗೆ ತಾರೀಕು ಹೇಳಿ, ಉಳಿದದ್ದು ಮೆಸೇಜಿನಲ್ಲಿ ಮಾತಾಡೋಣ.